ತಾರಸಿಯ ಮೇಲೆ 1:25 ಅಳತೆಯ ಬೀದಿ: ಹಳೆಯ ಜಪಾನಿ ವೀರಚಿತ್ರದ ಒಂದು ದೃಶ್ಯವನ್ನು ಕಟ್ಟಿದ ಬಗೆ

ಈ ಕೆಲಸದ ಗುರಿ ಚಿಕ್ಕದು. ಆರು ಅಂತಸ್ತಿನ ಒಂದು ಕಟ್ಟಡ, ಅದಕ್ಕೆ ಬಡಿಯುವ ದೈತ್ಯಪ್ರಾಣಿಯ ಬಾಲ, ಕಟ್ಟಡ ಕುಸಿದು ಎದ್ದ ಧೂಳಿನ ಹಿಂದೆ ಕಾಣಿಸಿಕೊಳ್ಳುವ ಬೆಳ್ಳಿ ಮುಖವಾಡದ ವೀರ, ಅವನ ಎದೆಯಲ್ಲಿ ಮಿನುಗುವ ಕೆಂಪು ದೀಪ, ಕೊನೆಗೆ ಅವನ ಕೈಯಿಂದ ಹೊರಡುವ ಕಿರಣ. ಕಿರಣವೊಂದನ್ನು ಬಿಟ್ಟು ಉಳಿದುದೆಲ್ಲವೂ ಕ್ಯಾಮೆರಾದ ಮುಂದೆ ನಿಜವಾಗಿಯೇ ನಡೆಯಬೇಕು, ಮತ್ತು 1950–60ರ ದಶಕಗಳ ಜಪಾನಿ ಸ್ಟುಡಿಯೋಗಳು ಬಳಸುತ್ತಿದ್ದ ಕ್ರಮದಲ್ಲೇ ನಡೆಯಬೇಕು ಎಂಬುದು ಷರತ್ತು. ಜಪಾನಿನಲ್ಲಿ ಟೊಕುಸಾತ್ಸು ಎಂದು ಕರೆಯುವ ಈ ಬಗೆಯ ತಂತ್ರಚಿತ್ರಣದ ಕುರಿತು ಓದುವುದಕ್ಕಿಂತ ಒಂದು ಗೋಡೆಯನ್ನು ಎರಕ ಹೊಯ್ದು ಬೀಳಿಸಿ ನೋಡಿದರೆ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ಎಣಿಕೆಯಾಗಿತ್ತು.

ಕೆಲಸಕ್ಕೆ ಇಳಿಯುವ ಮೊದಲೇ ಒಂದು ನಿಯಮ ಹಾಕಿಕೊಂಡೆ: ಅಣಕ ಬೇಡ. ಈ ಚಿತ್ರಗಳನ್ನು ಇಷ್ಟಪಡುವವರಲ್ಲಿ ಬಹಳ ಮಂದಿ ಅವುಗಳ ಕೊರತೆಗಳನ್ನೇ, ಅಂದರೆ ಕಾಣುವ ತಂತಿ, ಸುಕ್ಕುಗಟ್ಟಿದ ರಬ್ಬರು, ಬೆನ್ನಿನ ಜಿಪ್ಪು ಇವುಗಳನ್ನೇ ಬೇಕೆಂದು ಮರುಸೃಷ್ಟಿಸಿ ನಗುತ್ತಾರೆ. ಆದರೆ 1957ರಲ್ಲಿ ಶಿನ್‌ತೋಹೋ ಸಂಸ್ಥೆಯ ‘ಸೂಪರ್ ಜಯಂಟ್’ ಸರಣಿಯಲ್ಲಿ ಕೆನ್ ಉತ್ಸುಯಿ ತಲೆಯ ಮೇಲೊಂದು ಆಂಟೆನಾ ಸಿಕ್ಕಿಸಿಕೊಂಡು, ಬಿಗಿಯುಡುಪಿನಲ್ಲಿ, ಬಾಹ್ಯಾಕಾಶದಿಂದ ಬಂದ ಉಕ್ಕಿನ ಮನುಷ್ಯನಾಗಿ ನಿಂತಾಗ ಅಲ್ಲಿ ಯಾರೂ ತಮಾಷೆ ಮಾಡುತ್ತಿರಲಿಲ್ಲ. 1959ರೊಳಗೆ ಒಂಬತ್ತು ಭಾಗಗಳಾಗಿ ಬಂದ ಆ ಸರಣಿಯನ್ನು ಅಮೆರಿಕದವರು ಕತ್ತರಿಸಿ, ಜೋಡಿಸಿ, ನಾಲ್ಕು ಟಿ.ವಿ. ಚಿತ್ರಗಳನ್ನಾಗಿ ಮಾಡಿದರು, ಇಂದು ನಮಗೆ ಕಾಣುವ ವಿಚಿತ್ರ ಜಿಗಿತಗಳಲ್ಲಿ, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಖಳರಲ್ಲಿ, ಅರ್ಧದಷ್ಟು ಆ ಕತ್ತರಿಯ ಕೊಡುಗೆ. ಮೂಲದವರು ಕಡಿಮೆ ಹಣದಲ್ಲಿ, ಕಡಿಮೆ ಸಮಯದಲ್ಲಿ, ಪೂರ್ತಿ ಮನಸ್ಸಿಟ್ಟು ಕೆಲಸ ಮಾಡಿದವರು. ಆ ಮನಸ್ಸು ಮತ್ತು ಆ ಹಣ ಎರಡೂ ಒಂದೇ ಫ್ರೇಮಿನಲ್ಲಿ ಕಾಣುವುದರಿಂದಲೇ ಈ ಚಿತ್ರಗಳಿಗೆ ಅಂಥ ಸೊಗಸು ಬಂದಿದೆ. ಹಾಗಾಗಿ ತಂತಿಯನ್ನು ಮರೆಮಾಡಲು ನಾನೂ ಆದಷ್ಟು ಪ್ರಯತ್ನಿಸುವುದು, ಆಮೇಲೂ ಕಂಡರೆ ಕಾಣಲಿ ಎಂದು ಬಿಡುವುದು ಎಂದು ತೀರ್ಮಾನಿಸಿದೆ.

ಅಳತೆ

1:25 ಎಂಬ ಅಳತೆಯ ಮೂಲ ಇರುವುದು ಮನುಷ್ಯನ ಎತ್ತರದಲ್ಲಿ. 1954ರ ಗಾಡ್ಜಿಲ್ಲಾದ ಎತ್ತರ ಕಥೆಯಲ್ಲಿ 50 ಮೀಟರ್. ಅದನ್ನು 25ರಿಂದ ಭಾಗಿಸಿದರೆ 2 ಮೀಟರ್, ಅಂದರೆ ಒಬ್ಬ ನಟ ಒಳಹೊಕ್ಕು ನಡೆಯಬಹುದಾದ ರಬ್ಬರ್ ಉಡುಪು. 1966ರಲ್ಲಿ ಬಂದ ಟಿ.ವಿ. ಸರಣಿಯ ದೈತ್ಯವೀರ ಅಲ್ಟ್ರಾಮ್ಯಾನ್ ಎತ್ತರ 40 ಮೀಟರ್ ಎಂದಾಗಿರುವುದರ ಹಿಂದೆಯೂ ಇದೇ ಲೆಕ್ಕ ಕೆಲಸ ಮಾಡುತ್ತದೆ. ನನ್ನ ವೀರನಾಗಲು ಒಪ್ಪಿದ ತಂಗಿಯ ಮಗನ ಎತ್ತರ 170 ಸೆಂ.ಮೀ. ಆದ್ದರಿಂದ ಅವನು ಈ ನಗರದಲ್ಲಿ 42.5 ಮೀಟರಿನ ದೈತ್ಯ. ಬೀದಿಯಲ್ಲಿ ನಿಂತು ನೋಡುವ ಸಾಮಾನ್ಯ ಮನುಷ್ಯನ ಕಣ್ಣು ನೆಲದಿಂದ 1.6 ಮೀಟರ್ ಮೇಲಿದ್ದರೆ, ಈ ಬೀದಿಯಲ್ಲಿ ಅದು 6.4 ಸೆಂ.ಮೀ. ಲೆನ್ಸ್ ಅದಕ್ಕಿಂತ ಮೇಲೇರಿದ ಕ್ಷಣದಲ್ಲಿ ನಗರ ಹೋಗಿ ಆಟಿಕೆ ಬರುತ್ತದೆ. ಮೊಬೈಲ್ ಫೋನನ್ನು ತಲೆಕೆಳಗಾಗಿ ನಿಲ್ಲಿಸಿದರೆ ಲೆನ್ಸ್ ನೆಲಕ್ಕೆ ಬೇಕಾದಷ್ಟು ಹತ್ತಿರ ಬರುತ್ತದೆ. ಚಿತ್ರವನ್ನು ಆಮೇಲೆ ತಿರುಗಿಸಿಕೊಂಡರಾಯಿತು. ಫೋನಿನ ಸಣ್ಣ ಸೆನ್ಸರ್ ಇಲ್ಲಿ ವರವೇ ಸರಿ. ದೊಡ್ಡ ಕ್ಯಾಮೆರಾದಲ್ಲಿ ಹತ್ತಿರದ್ದು ಸ್ಪಷ್ಟವಾಗಿ ದೂರದ್ದು ಮಸುಕಾಗುವ ಗುಣ ಚಿಕ್ಕ ಮಾದರಿಯ ಗುಟ್ಟನ್ನು ರಟ್ಟುಮಾಡುತ್ತದೆ. ಫೋನಿನಲ್ಲಿ ಮುಂದಿನ ವಿದ್ಯುತ್ ಕಂಬದಿಂದ ಹಿಂದಿನ ವೀರನವರೆಗೆ ಎಲ್ಲವೂ ಸ್ಪಷ್ಟ.

ಬೀಳಲೆಂದೇ ಕಟ್ಟಿದ ಕಟ್ಟಡ

ಕಟ್ಟಡದ ಒಟ್ಟು ಎತ್ತರ 80 ಸೆಂ.ಮೀ. ಒಂದೊಂದು ಅಂತಸ್ತು 12.8 ಸೆಂ.ಮೀ., ಅಂದರೆ ನಿಜದಲ್ಲಿ 3.2 ಮೀಟರ್, ಉಳಿದುದು ಮೇಲಿನ ಕೈಪಿಡಿ ಗೋಡೆ. ಬಾಗಿಲಿನ ಎತ್ತರ 8.4 ಸೆಂ.ಮೀ. ಗೋಡೆಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಕ ಹೊಯ್ದೆ. ಸಮತಟ್ಟಾದ ಮೇಜಿನ ಮೇಲೆ ಗಾಜಿನ ಹಾಳೆ, ಅದರ ಮೇಲೆ ತೆಳ್ಳಗೆ ಎಣ್ಣೆ, ಸುತ್ತ 6 ಮಿ.ಮೀ. ದಪ್ಪದ ಮರದ ಬೀಡಿಂಗ್ ಪಟ್ಟಿಯ ಕಟ್ಟು, ಕಿಟಕಿಗಳು ಬರಬೇಕಾದಲ್ಲೆಲ್ಲ ಅದೇ ದಪ್ಪದ ಫೋಮ್ ಹಾಳೆಯ ತುಂಡುಗಳು. ಪ್ಲಾಸ್ಟರ್ ಹೊಯ್ದು, ಸ್ಕೇಲಿನಿಂದ ಮಟ್ಟಮಾಡಿ, ಗಟ್ಟಿಯಾದ ಮೇಲೆ ಫೋಮ್ ತುಂಡುಗಳನ್ನು ಕಿತ್ತರೆ ಕಿಟಕಿಗಳಿರುವ ಗೋಡೆ ಸಿದ್ಧ.

ಆದರೆ ಗೋಡೆ ಹೇಗೆ ನಿಲ್ಲುತ್ತದೆ ಎನ್ನುವುದಕ್ಕಿಂತ ಹೇಗೆ ಒಡೆಯುತ್ತದೆ ಎನ್ನುವುದು ಇಲ್ಲಿ ಮುಖ್ಯ. ತೂಕದಲ್ಲಿ 10 ಪಾಲು ಪ್ಲಾಸ್ಟರಿಗೆ 7 ಪಾಲು ನೀರು ಹಾಕುವ ವಾಡಿಕೆಯ ಮಿಶ್ರಣದಲ್ಲಿ ಹೊಯ್ದ ಪರೀಕ್ಷೆಯ ತುಂಡನ್ನು ಬೀಳಿಸಿದಾಗ ಅದು ಅಂಗೈಯಗಲದ ಹಲ್ಲೆಗಳಾಗಿ ಒಡೆಯಿತು. 10 ಸೆಂ.ಮೀ. ಹಲ್ಲೆಯೆಂದರೆ ಈ ಅಳತೆಯಲ್ಲಿ ಎರಡೂವರೆ ಮೀಟರಿನ ಚಪ್ಪಡಿ. ಇಟ್ಟಿಗೆ, ಕಾಂಕ್ರೀಟಿನ ಕಟ್ಟಡ ಕುಸಿದಾಗ ಬರೀ ಅಂಥ ಚಪ್ಪಡಿಗಳೇ ಬೀಳುವುದಿಲ್ಲ. ನೀರನ್ನು 9 ಪಾಲಿಗೆ ಏರಿಸಿ, ಗಿಡದ ನರ್ಸರಿಯಲ್ಲಿ ಸಿಗುವ ಪರ್ಲೈಟನ್ನು ಗಾತ್ರದಲ್ಲಿ ಮೂರನೆಯ ಒಂದು ಪಾಲು ಬೆರೆಸಿದಾಗ ಗೋಡೆ ಹಳೆಯ ರವೆ ಉಂಡೆಯಂತೆ ಮೂಲೆ ತಾಗಿದಲ್ಲೆಲ್ಲ ಉದುರತೊಡಗಿತು. ಬೇಕಾಗಿದ್ದುದು ಇದೇ. ಒಣಗಿದ ಗೋಡೆಯ ಒಳಮುಖದಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಅರ್ಧ ದಪ್ಪದವರೆಗೆ ಅಂಕುಡೊಂಕಾದ ಗೀರುಗಳನ್ನು ಹಾಕಿದೆ. ಗೀರು ನೇರವಾಗಿದ್ದರೆ ಗೋಡೆ ಕತ್ತರಿಸಿದಂತೆ ಒಡೆದು ಎಲ್ಲ ಗುಟ್ಟೂ ಬಯಲಾಗುತ್ತದೆ. ಜಪಾನಿನ ತಂತ್ರವಿಭಾಗದವರೂ ಕಟ್ಟಡ ಎಲ್ಲಿ ಬಿರಿಯಬೇಕೋ ಅಲ್ಲಿ ಮೊದಲೇ ದುರ್ಬಲಗೊಳಿಸಿಡುತ್ತಿದ್ದರು. ಒಮ್ಮೆ ಒಡೆದ ಮಾದರಿಯನ್ನು ಮತ್ತೆ ಕಟ್ಟಲು ಅವರಿಗೆ ಹಣವೂ ಇರಲಿಲ್ಲ, ದಿನವೂ ಇರಲಿಲ್ಲ.

ಒಳಗೆ ಏನೂ ಇಲ್ಲದ ಕಟ್ಟಡ ಬಿರಿದಾಗ ಡಬ್ಬಿ ಬಿಚ್ಚಿದಂತೆ ಕಾಣುತ್ತದೆ. ಆದ್ದರಿಂದ ಪ್ರತಿ ಅಂತಸ್ತಿಗೂ 4 ಮಿ.ಮೀ. ದಪ್ಪದ ಪ್ಲಾಸ್ಟರಿನ ನೆಲವನ್ನು ಗೋಡೆಯ ಸಣ್ಣ ಚಾಚುಗಳ ಮೇಲೆ ಅಂಟಿಸದೆ ಸುಮ್ಮನೆ ಕೂರಿಸಿದೆ. ಅದರ ಮೇಲೆ ಬೆಂಕಿಕಡ್ಡಿಯ ಮೇಜು-ಕುರ್ಚಿ, ಚೂರು ಕಾಗದ, ಮತ್ತು ಬಹಳ ಮುಖ್ಯವಾಗಿ ಟಿಶ್ಯೂ ಕಾಗದದಲ್ಲಿ ಸಡಿಲವಾಗಿ ಕಟ್ಟಿದ ಮುಲ್ತಾನಿ ಮಿಟ್ಟಿಯ ಪೊಟ್ಟಣಗಳು. ಸಿನಿಮಾದವರು ಧೂಳಿಗೆಂದು ಬಳಸುವುದು ಇದೇ ಮಣ್ಣನ್ನು. ನಮ್ಮಲ್ಲಿ ಗ್ರಂಧಿಗೆ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಬಟ್ಟೆಯಲ್ಲಿ ಜರಡಿ ಹಿಡಿದಷ್ಟೂ ಧೂಳು ಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಮಾದರಿ ಅಷ್ಟೂ ದೊಡ್ಡದಾಗಿ ಕಾಣುತ್ತದೆ. ಜರಡಿ ಹಿಡಿಯುವಾಗಲೂ ಚಿತ್ರೀಕರಣದಲ್ಲೂ ಮೂಗಿಗೆ ಎನ್95 ಮಾಸ್ಕ್ ಬೇಕೇ ಬೇಕು.

ಕಟ್ಟಡದ ಭಾರವೆಲ್ಲ ನೆಲ ಅಂತಸ್ತಿನ ನಾಲ್ಕು ಮರದ ಗೂಟಗಳ ಮೇಲಿತ್ತು. ಗೂಟಗಳ ಬುಡಕ್ಕೆ ಕಟ್ಟಿದ ಹಗ್ಗವನ್ನು ಎಳೆದರೆ ನಾಲ್ಕೂ ಒಟ್ಟಿಗೆ ಜಾರುವ ಏರ್ಪಾಡು.

ಎಷ್ಟು ಫ್ರೇಮ್?

20 ಮೀಟರ್ ಎತ್ತರದಿಂದ ಬೀಳುವ ಕಲ್ಲು ನೆಲ ಮುಟ್ಟಲು ಸುಮಾರು 2 ಸೆಕೆಂಡ್ ಬೇಕು. ಅದರ 25ನೆಯ ಒಂದು ಪಾಲು, ಅಂದರೆ 80 ಸೆಂ.ಮೀ. ಎತ್ತರದಿಂದ ಬೀಳುವ ಚೂರಿಗೆ ಸಾಕಾಗುವುದು 0.4 ಸೆಕೆಂಡ್ ಮಾತ್ರ. ಎತ್ತರ 25 ಪಟ್ಟು ತಗ್ಗಿದರೆ ಬೀಳುವ ಹೊತ್ತು ತಗ್ಗುವುದು ಅದರ ವರ್ಗಮೂಲದಷ್ಟು, ಐದು ಪಟ್ಟು. ಹಾಗಾಗಿ ಸೆಕೆಂಡಿಗೆ 24 ಫ್ರೇಮಿನಲ್ಲಿ ತೋರಿಸುವ ಚಿತ್ರವನ್ನು 120 ಫ್ರೇಮಿನಲ್ಲಿ ಹಿಡಿದರೆ ಚೂರುಗಳು ನಿಜವಾದ ಕಟ್ಟಡದ ಭಾರದಲ್ಲೇ ಬೀಳುತ್ತವೆ. ಈಗಿನ ಫೋನುಗಳಲ್ಲಿ 240 ಕೂಡ ಇದೆ. ಆದರೆ ಅದರಲ್ಲಿ ಹಿಡಿದ ಪರೀಕ್ಷೆಯ ಚಿತ್ರದಲ್ಲಿ ಕಟ್ಟಡ ಬೀಳುವ ಬದಲು ತೇಲಿತು. ಗಾಡ್ಜಿಲ್ಲಾದ ತಂತ್ರದೃಶ್ಯಗಳನ್ನು ನಿರ್ದೇಶಿಸಿದ ಎಯಿಜಿ ತ್ಸುಬುರಾಯಾ ಅವರ ತಂಡ ಫಿಲ್ಮನ್ನು ಅತಿವೇಗದಲ್ಲಿ ಓಡಿಸುತ್ತಿದ್ದುದೂ ಇದೇ ಕಾರಣಕ್ಕೆ. ಅದಕ್ಕೆ ಅವರು ತೆತ್ತ ಬೆಲೆ ಬೆಳಕಿನದು: ಐದು ಪಟ್ಟು ಫ್ರೇಮಿಗೆ ಐದು ಪಟ್ಟು ಬೆಳಕು ಬೇಕು, ಅಷ್ಟು ದೀಪಗಳ ಕೆಳಗೆ ರಬ್ಬರಿನ ಉಡುಪಿನೊಳಗೆ ನಟ ಬೇಯುತ್ತಿದ್ದ. ನನಗೆ ಆ ತೊಂದರೆ ಇರಲಿಲ್ಲ, ಬಿಸಿಲು ಪುಕ್ಕಟೆ. ಒಳಾಂಗಣದಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ: ಮನೆಯ ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ, 120 ಫ್ರೇಮಿನಲ್ಲಿ ಆ ಮಿಣುಕು ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಬ್ಯಾಟರಿಯಿಂದ ಉರಿಯುವ ದೀಪಗಳಲ್ಲಿ ಸಾಮಾನ್ಯವಾಗಿ ಇದಿರುವುದಿಲ್ಲ.

ಬಾಲ

ಇಡೀ ದೈತ್ಯಪ್ರಾಣಿಯನ್ನು ಕಟ್ಟುವ ಆಲೋಚನೆಯನ್ನು ಬೇಗನೆ ಕೈಬಿಟ್ಟೆ. ಬಾಲ ಸಾಕು, ಉಳಿದುದನ್ನು ನೋಡುವವರೇ ಊಹಿಸಿಕೊಳ್ಳುತ್ತಾರೆ. ಇಂಥ ಉಳಿತಾಯ ಆ ಚಿತ್ರಗಳ ಮನೆತನದ್ದೇ: ಅಲ್ಟ್ರಾಮ್ಯಾನ್ ಸರಣಿಗೆ ಹೊಸ ಪ್ರಾಣಿಯೊಂದು ಬೇಕಾದಾಗ ಗಾಡ್ಜಿಲ್ಲಾದ ಉಡುಪನ್ನೇ ತಂದು, ಕತ್ತಿನ ಸುತ್ತ ದೊಡ್ಡದೊಂದು ಹೆಡೆಪಟ್ಟಿ ಸೇರಿಸಿ, ಜಿರಾಸ್ ಎಂದು ಹೆಸರಿಟ್ಟರು. ಒಳಗಿದ್ದವರೂ ಗಾಡ್ಜಿಲ್ಲಾ ಆಡುತ್ತಿದ್ದ ಹಾರುವೊ ನಾಕಾಜಿಮಾ ಅವರೇ. ಕಾದಾಟದ ನಡುವೆ ಅಲ್ಟ್ರಾಮ್ಯಾನ್ ಆ ಪಟ್ಟಿಯನ್ನು ಕಿತ್ತೆಸೆದಾಗ ಎದುರು ನಿಲ್ಲುವುದು ಸಾಕ್ಷಾತ್ ಗಾಡ್ಜಿಲ್ಲಾ. ಉಳಿತಾಯವನ್ನು ಮುಚ್ಚಿಡುವ ಬದಲು ಅದನ್ನೇ ದೃಶ್ಯ ಮಾಡಿದ ಈ ಧೈರ್ಯ ನನಗೆ ಬಹಳ ಹಿಡಿಸುತ್ತದೆ.

ನನ್ನ ಬಾಲಕ್ಕೆ ಸಿಕ್ಕಿದ್ದು ಮೂಲೆಗೆ ಬಿದ್ದಿದ್ದ ಫೋಮ್ ಹಾಸಿಗೆ. ಅದನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಬಿಲ್ಲೆಗಳಾಗಿ ಕತ್ತರಿಸಿ, ನಡುವೆ ಸೈಕಲ್ಲಿನ ಬ್ರೇಕ್ ಕೇಬಲ್ ಪೋಣಿಸಿ, ಬಿಲ್ಲೆಗಳನ್ನು ರಬ್ಬರ್ ಅಂಟಿನಿಂದ ಕೂಡಿಸಿದೆ. ಮೇಲೆ ದ್ರವ ಲೇಟೆಕ್ಸನ್ನು ಬ್ರಷ್ಷಿನಿಂದ ಪದರ ಪದರವಾಗಿ ಬಳಿದು, ಕೊನೆಯ ಪದರಗಳ ನಡುವೆ ಹತ್ತಿಯ ಉಂಡೆಗಳನ್ನು ಒತ್ತಿ ಚರ್ಮಕ್ಕೆ ಗಂಟುಗಳನ್ನು ತಂದೆ. ಬಾಲವನ್ನು ಮೇಲಿನಿಂದ ಬಿದಿರಿನ ಗಳಕ್ಕೆ ತಂತಿಯಲ್ಲಿ ತೂಗಿಬಿಟ್ಟೆ. ಗಾಡ್ಜಿಲ್ಲಾದ ಬಾಲವನ್ನು ಆಡಿಸುತ್ತಿದ್ದುದೂ ಮೇಲಿನ ತಂತಿಗಳಿಂದಲೇ. ಗಾಳದ ನೈಲಾನ್ ದಾರ ಬಿಸಿಲಿಗೆ ಥಳಥಳಿಸುತ್ತದೆ. ವಾದ್ಯಗಳ ಅಂಗಡಿಯಲ್ಲಿ ಸಿಗುವ 0.25 ಮಿ.ಮೀ. ಉಕ್ಕಿನ ತಂತಿಗೆ ಆಕಾಶದ ಬೂದು-ನೀಲಿ ಬಣ್ಣ ಬಳಿದರೆ ಎರಡು ಮೀಟರಿನಾಚೆ ಅದು ಬಹುಮಟ್ಟಿಗೆ ಮಾಯ.

ಫೋಮಿನ ಬಾಲಕ್ಕೆ ಪ್ಲಾಸ್ಟರಿನ ಗೋಡೆಯನ್ನು ಒಡೆಯುವ ಕಸುವಿಲ್ಲ. ಬಾಲ ತಾಗಿದಂತೆ ಕಾಣಬೇಕು, ಅದೇ ಕ್ಷಣದಲ್ಲಿ ಹಗ್ಗ ಗೂಟಗಳನ್ನು ಎಳೆಯಬೇಕು. ಇಬ್ಬರು ಎರಡು ಕೆಲಸ ಮಾಡಿದರೆ ಎಷ್ಟೇ ಚುರುಕಾಗಿದ್ದರೂ ನಡುವೆ ಸೆಕೆಂಡಿನ ಹತ್ತನೆಯ ಒಂದು ಪಾಲಾದರೂ ಅಂತರ ಬರುತ್ತದೆ. 120 ಫ್ರೇಮಿನಲ್ಲಿ ಹಿಡಿದ ಚಿತ್ರದಲ್ಲಿ ಅದು ಅರ್ಧ ಸೆಕೆಂಡಾಗಿ ಹಿಗ್ಗಿ, ಬಾಲ ಬಡಿದ ಮೇಲೆ ಕಟ್ಟಡ ಯೋಚಿಸಿ ಬಿದ್ದಂತೆ ಕಾಣುತ್ತದೆ. ಆದ್ದರಿಂದ ಗೂಟಗಳ ಹಗ್ಗದ ಇನ್ನೊಂದು ತುದಿಯನ್ನು ಬಾಲದ ಬುಡಕ್ಕೇ ಕಟ್ಟಿ, ಬಾಲದ ತುದಿ ಗೋಡೆಯನ್ನು ಮುಟ್ಟುವಾಗ ಹಗ್ಗ ಬಿಗಿಯಾಗುವಂತೆ ಉದ್ದವನ್ನು ಹೊಂದಿಸಿದೆ. ಎಳೆಯುವವರು ಒಬ್ಬರೇ, ಎಳೆತವೂ ಒಂದೇ.

ಮುಖವಾಡ ಮತ್ತು ಎದೆಯ ದೀಪ

ಅಲ್ಟ್ರಾಮ್ಯಾನ್ ಮುಖವನ್ನು ವಿನ್ಯಾಸ ಮಾಡಿದವರು ತೋರು ನಾರಿತಾ, ಜೇಡಿಮಣ್ಣಿನಲ್ಲಿ ರೂಪ ಕೊಟ್ಟವರು ಅಕಿರಾ ಸಾಸಾಕಿ. ಮೊದಲ ಮುಖವಾಡದಲ್ಲಿ ಬಾಯಿ ಆಡಿಸಬೇಕೆಂಬ ಉದ್ದೇಶದಿಂದ ಲೇಟೆಕ್ಸ್ ಬಳಸಿದ್ದರು; ಅದು ಸುಕ್ಕುಗಟ್ಟಿತು, ಮುಂದಿನವು ಗಟ್ಟಿ ಫೈಬರ್‌ಗ್ಲಾಸಿನವು. ಒಳಗಿದ್ದ ನಟ ಬಿನ್ ಫುರುಯಾ ಅವರಿಗೆ ಹೊರಗಿನದು ಕಾಣಲೆಂದು ಕಣ್ಣುಗಳ ಕೆಳಭಾಗದಲ್ಲಿ ತೂತು ಕೊರೆಯಬೇಕಾಯಿತು, ಆ ತೂತುಗಳು ಸರಣಿಯ ದೃಶ್ಯಗಳಲ್ಲಿ ಇಂದಿಗೂ ಕಾಣುತ್ತವೆ.

ನನ್ನ ವೀರನ ಮುಖ ಬೇರೆಯದು, ಕ್ರಮ ಮಾತ್ರ ಅದೇ: ಜೇಡಿಮಣ್ಣಿನ ರೂಪ, ಅದರ ಮೇಲೆ ಪ್ಲಾಸ್ಟರಿನ ಅಚ್ಚು, ಅಚ್ಚಿನೊಳಗೆ ಮುಖವಾಡ. ಫೈಬರ್‌ಗ್ಲಾಸಿನ ರಾಳದ ಘಾಟು ಮನೆಯೊಳಗೆ ಬೇಡವೆಂದು, ಅಚ್ಚಿಗೆ ವ್ಯಾಸಲೀನ್ ಸವರಿ, ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿದ ಕಂದು ಕಾಗದದ ಪಟ್ಟಿಗಳನ್ನು ಅಡ್ಡ-ಉದ್ದ ಪದರಗಳಲ್ಲಿ ಹಾಸಿದೆ. ಒಣಗಿ ಹೊರಬಂದದ್ದಕ್ಕೆ ಪುಟ್ಟಿ, ಉಪ್ಪುಕಾಗದ, ಬೆಳ್ಳಿ ಬಣ್ಣ. ಕಣ್ಣಿಗೆ ಅಲಂಕಾರದ ಪಾರದರ್ಶಕ ಪ್ಲಾಸ್ಟಿಕ್ ಗೋಳದ ಎರಡು ಹೋಳುಗಳು. ಒಳಗಡೆ ಉಪ್ಪುಕಾಗದ ಉಜ್ಜಿದ್ದರಿಂದ ಬೆಳಕು ಹರಡಿ ಮಂಜುಗಣ್ಣಾಯಿತು. ಕಣ್ಣಿನ ಕೆಳಗೆ 4 ಮಿ.ಮೀ. ತೂತು, ಗದ್ದದ ಅಡಿಯಲ್ಲಿ ಉಸಿರಿಗೆ ಇನ್ನಷ್ಟು.

ಎದೆಯ ದೀಪ ಅಲ್ಟ್ರಾಮ್ಯಾನ್‌ನಿಂದ ತೆಗೆದುಕೊಂಡ ಋಣ. ಭೂಮಿಯ ಮೇಲೆ ಮೂರು ನಿಮಿಷಕ್ಕೆ ಅವನ ಶಕ್ತಿ ಮುಗಿಯುತ್ತಾ ಬರುತ್ತದೆ, ಆಗ ನೀಲಿಯ ದೀಪ ಕೆಂಪಾಗಿ ಮಿನುಗುತ್ತದೆ. ಅಂದಿನ ಹಲವು ಮನೆಗಳಲ್ಲಿ ಇದ್ದುದು ಕಪ್ಪು-ಬಿಳುಪು ಟಿ.ವಿ.; ಬಣ್ಣ ಕಾಣದವರಿಗೂ ಮಿನುಗು ಕಾಣುತ್ತದೆ. ನಾರಿತಾ ಅವರಿಗೆ ಈ ದೀಪ ತಮ್ಮ ವಿನ್ಯಾಸವನ್ನು ಕೆಡಿಸಿತೆಂಬ ಅಸಮಾಧಾನ ಕೊನೆಯವರೆಗೂ ಇತ್ತು. ಮಕ್ಕಳ ಎದೆ ಡವಗುಟ್ಟುತ್ತಿದ್ದುದು ಮಾತ್ರ ಆ ದೀಪಕ್ಕೇ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿಗೆ ಸಿಗುವ 555 ಟೈಮರ್ ಐ.ಸಿ.ಯಲ್ಲಿ ಈ ಮಿನುಗನ್ನು ಕಟ್ಟಿದೆ. 9 ವೋಲ್ಟ್ ಬ್ಯಾಟರಿ, 10 ಕಿಲೋ ಓಮ್ ಮತ್ತು 33 ಕಿಲೋ ಓಮ್ ರೆಸಿಸ್ಟರುಗಳು, ಮೂರನೆಯ ಪಿನ್ನಿನಿಂದ 470 ಓಮ್ ಮೂಲಕ ಕೆಂಪು ಎಲ್‌ಇಡಿ. ವಾಡಿಕೆಯಂತೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ದೀಪ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಬಾರಿ ಮಿನುಗುತ್ತದೆ. ಕಣ್ಣಿಗೆ ಇದು ಸರಿ, ಕ್ಯಾಮೆರಾಕ್ಕೆ ಸರಿಯಲ್ಲ. ವೀರನ ಚಿತ್ರೀಕರಣಕ್ಕೆ ನಾನು ಆರಿಸಿಕೊಂಡದ್ದು 60 ಫ್ರೇಮ್. ತೋರಿಸುವಾಗ ಎರಡೂವರೆ ಪಟ್ಟು ನಿಧಾನ. ಆತಂಕದ ಮಿನುಗು ಆಗ ಹಬ್ಬದ ದೀಪಾಲಂಕಾರವಾಗಿಬಿಡುತ್ತದೆ. 4.7 ಮೈಕ್ರೋಫ್ಯಾರಡ್ ಹಾಕಿದಾಗ ಮಿನುಗು ಸೆಕೆಂಡಿಗೆ ನಾಲ್ಕಕ್ಕೆ ಏರಿ, ತೆರೆಯ ಮೇಲೆ 1.6ಕ್ಕೆ ಬಂದು ನಿಂತಿತು.

ಚಿತ್ರೀಕರಣ

ಬೀದಿಯನ್ನು ತಾರಸಿಯ ನೆಲದ ಮೇಲೆಯೇ ಹಾಸಿದೆ. ಮುಖ್ಯ ಕಟ್ಟಡದ ಅಕ್ಕಪಕ್ಕ ರಟ್ಟಿನಲ್ಲಿ ಮಾಡಿದ 50 ಸೆಂ.ಮೀ. ಎತ್ತರದ ಮನೆಸಾಲು, ಫೋನನ್ನು ಎರಡು ಮೀಟರ್ ದೂರದಲ್ಲಿ ನೆಲಕ್ಕೆ ಇಟ್ಟರೆ ಈ ಸಾಲು ಹಿಂದಿನ ತಾರಸಿ ಗೋಡೆಯನ್ನೂ ವೀರನ ಪಾದಗಳನ್ನೂ ಮರೆಮಾಡುತ್ತದೆ. ಮುಂದೆ 40 ಸೆಂ.ಮೀ. ಬಿದಿರುಕಡ್ಡಿಯ ವಿದ್ಯುತ್ ಕಂಬಗಳು, ಅವುಗಳ ನಡುವೆ ಕಪ್ಪು ದಾರ. ಟೋಕಿಯೊದ ಬೀದಿ ಎಂದು ನಂಬಿಸಲು ಈ ಕಂಬ-ತಂತಿಗಳು ಮಾಡಿದಷ್ಟು ಕೆಲಸವನ್ನು ಬೇರೆ ಯಾವುದೂ ಮಾಡಲಿಲ್ಲ. ಪಕ್ಕದ ಮನೆಯ ತೆಂಗಿನಮರವನ್ನು ಫ್ರೇಮಿನಿಂದ ಹೊರಗಿಡುವುದೇ ದೊಡ್ಡ ಸರ್ಕಸ್ಸಾಯಿತು. ಗಾಳಿ ಇಲ್ಲದ ಮುಂಜಾನೆ, ಸಾಲುಗಳ ನಡುವೆ ಸಾಂಬ್ರಾಣಿಯ ಹೊಗೆ ಹಾಯಿಸಿದಾಗ ಮೂರು ಮೀಟರಿನ ದೂರ ಎಪ್ಪತ್ತೈದು ಮೀಟರಿನ ದೂರವಾಗಿ ಮಸುಕಾಯಿತು.

ಕುಸಿತ ಒಂದೇ ಬಾರಿಗೆ ಹೊಂದಿತು. ಬಾಲ ತಾಗಿದೊಡನೆ ನೆಲ ಅಂತಸ್ತು ಕೂತು, ಮೇಲಿನ ಗೋಡೆ ಗೀರುಗಳಗುಂಟ ಬಿರಿದು, ಮೂರನೆಯ ಅಂತಸ್ತಿನ ಕಿಟಕಿಗಳಿಂದ ಮಣ್ಣಿನ ಧೂಳು ಮುಂದಕ್ಕೆ ಚಿಮ್ಮಿತು. ಒಂದು ಬೆಂಕಿಕಡ್ಡಿಯ ಕುರ್ಚಿ ಹೊರಬಿದ್ದು ಉರುಳಿದ್ದು ಚಿತ್ರವನ್ನು ನಿಧಾನವಾಗಿ ನೋಡಿದಾಗ ಕಾಣುತ್ತದೆ.

ವೀರನ ಭಾಗ ಅಷ್ಟು ಸಲೀಸಾಗಿರಲಿಲ್ಲ. ಮುಖವಾಡ ಧರಿಸಿ ನಿಂತವನು, “ಮಾವ, ನಗು ತಡೆಯೋಕಾಗ್ತಿಲ್ಲ” ಎಂದ. “ಒಳಗೆ ಎಷ್ಟು ಬೇಕಾದ್ರೂ ನಗು, ಭುಜ ಅಲುಗಬಾರದು” ಎಂದೆ. ಮುಖ ಕಾಣದ ನಟನಿಗೆ ಭುಜವೇ ಮುಖ ಎಂಬುದು ಆಗ ಇಬ್ಬರಿಗೂ ತಿಳಿಯಿತು. ಸಹಜವಾಗಿ ನಿಂತರೆ ಮುಖವಾಡ ಸತ್ತಂತೆ ಕಾಣುತ್ತದೆ. ಸೊಂಟ ಬಗ್ಗಿಸಿ, ಕೈಗಳನ್ನು ಮುಂದೆ ಚಾಚಿ, ತಲೆಯನ್ನು ಒಮ್ಮೆಲೇ ತಿರುಗಿಸಿದರೆ ಜೀವ ಬರುತ್ತದೆ. ನಾವು ನಗುವ ಆ ಅತಿರೇಕದ ಭಂಗಿಗಳೆಲ್ಲ ಹೀಗೆ ಹುಟ್ಟಿದವು. 60 ಫ್ರೇಮಿನಲ್ಲಿ ದೇಹ ಭಾರವಾಗಿ ಕಾಣುತ್ತದೆ, ಆದರೆ ಆಲಸ್ಯ ಕಾಣಬಾರದೆಂದರೆ ನಟ ಎಂದಿಗಿಂತ ಚುರುಕಾಗಿ ಚಲಿಸಬೇಕು. 120ರಲ್ಲಿ ತೆಗೆದದ್ದು ನೀರೊಳಗಿನ ನಡಿಗೆಯಾಗಿತ್ತು. ಮುಖವಾಡದಲ್ಲಿ ಓಡುವುದು, ಹಾರುವುದು ಯಾವುದನ್ನೂ ಮಾಡಿಸಲಿಲ್ಲ. 1971ರಲ್ಲಿ ಮುಖವಾಡದ ವೀರನ ಟಿ.ವಿ. ಸರಣಿ ‘ಕಾಮೆನ್ ರೈಡರ್’ ಚಿತ್ರೀಕರಣದ ಆರಂಭದಲ್ಲೇ ನಾಯಕ ಹಿರೋಶಿ ಫುಜಿಯೋಕಾ ಮೋಟಾರ್‌ಸೈಕಲಿನಿಂದ ಬಿದ್ದು ಕಾಲು ಮುರಿದುಕೊಂಡು, ಕಥೆಗೆ ಎರಡನೆಯ ರೈಡರನ್ನೇ ತರಬೇಕಾಯಿತು. ನನ್ನ ಬಳಿ ಎರಡನೆಯ ಸೋದರಳಿಯ ಇರಲಿಲ್ಲ.

ಕಿರಣವನ್ನು ಟ್ಯಾಬ್ಲೆಟ್ಟಿನಲ್ಲಿ ಫ್ರೇಮಿಗೊಂದರಂತೆ ಕೈಯಿಂದ ಬರೆದೆ. ಎರಡು ಸೆಕೆಂಡಿಗೆ 48 ಚಿತ್ರ. ಅಂದು ಇದನ್ನು ಹಾಳೆಯ ಮೇಲೆ ಬರೆದು ಫಿಲ್ಮಿನ ಮೇಲೆ ಕೂಡಿಸುತ್ತಿದ್ದರು. ಕೈ ಒಂದಿಷ್ಟು ಅಲುಗಿದರೂ ಕಿರಣದ ಬುಡ ಬೆರಳಿನಿಂದ ಕಳಚಿಕೊಳ್ಳುತ್ತದೆ, ಆದ್ದರಿಂದ ಒಂದು ತೋಳಿಗೆ ಇನ್ನೊಂದನ್ನು ಆನಿಸಿ ಗಟ್ಟಿಯಾಗಿ ನಿಲ್ಲುವ ಭಂಗಿ ಅನುಕೂಲ. ಅಂಚುಗಳನ್ನು ಪ್ರತಿ ಫ್ರೇಮಿನಲ್ಲೂ ಸ್ವಲ್ಪ ಬೇರೆಯಾಗಿ ಎಳೆದಾಗ ಮಾತ್ರ ಕಿರಣ ಕುದಿಯುವಂತೆ ಕಾಣುತ್ತದೆ. ಒಂದೇ ಚಿತ್ರವನ್ನು ನಕಲು ಮಾಡಿದರೆ ಅದು ಬರೀ ಟ್ಯೂಬ್‌ಲೈಟು.

ಮುಗಿದ ಮೇಲೆ ಪ್ಲಾಸ್ಟರಿನ ಚೂರುಗಳನ್ನು ಗುಡಿಸಿ ಚೀಲಕ್ಕೆ ತುಂಬಿ, ಕಟ್ಟಡದ ತ್ಯಾಜ್ಯದೊಡನೆ ಹಾಕಬೇಕು. ತಾರಸಿಯನ್ನು ನೀರು ಹೊಯ್ದು ತೊಳೆದರೆ ಪ್ಲಾಸ್ಟರು ಪೈಪಿನೊಳಗೆ ಕೂತು ಕಟ್ಟಿಕೊಳ್ಳುತ್ತದೆ. ಮುಖವಾಡ ಕಪಾಟಿನಲ್ಲಿ ಎಷ್ಟು ಕಾಲವಾದರೂ ಇರುತ್ತದೆ. ಬಾಲದ ಮಾತು ಬೇರೆ. ಲೇಟೆಕ್ಸ್ ಬಿಸಿಲಿಗೂ ಗಾಳಿಗೂ ಬೇಗ ಬಿರಿಯುತ್ತದೆ, ಒಂದಕ್ಕೊಂದು ಅಂಟಿದಲ್ಲಿ ಕಿತ್ತುಬರುತ್ತದೆ. ಅಂದಿನ ಮೂಲ ಉಡುಪುಗಳಲ್ಲಿ ಬಹುಪಾಲು ಇಂದು ಉಳಿದಿಲ್ಲದಿರುವುದಕ್ಕೆ ಇದೂ ಒಂದು ಕಾರಣ. ಬಾಲಕ್ಕೆ ಟಾಲ್ಕಂ ಪೌಡರ್ ಹಚ್ಚಿ, ಮಡಿಸದೆ, ಕಪ್ಪು ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ನೀಳವಾಗಿ ಇಟ್ಟಿದ್ದೇನೆ. ಮುಂದಿನ ದೃಶ್ಯಕ್ಕೆ ಇದೇ ಬಾಲ ಇನ್ನೊಂದು ಪ್ರಾಣಿಯ ಕುತ್ತಿಗೆಯಾಗಲಿದೆ.